ಎಂಬತ್ತೆಂಟರ ಅಜ್ಜಿಗಾಗಿ ಇಷ್ಟು ಅಳಬಹುದೇ?

ಎರಡು ಸಂಚಿಕೆಗಳ ಹಿಂದೆ ಓದುಗರೊಬ್ಬರು, ‘ತಾತ ಹೋಗಿ ವರ್ಷವಾಯಿತು. ಈಗಲೂ ಅವರ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತರೆ ಸಿಟ್ಟು ಬರುತ್ತದೆ’ ಎಂದು ಬರೆದಿದ್ದರು. ‘ಬರಲಿ ಬಿಡಿ, ಆ ಕುರ್ಚಿಗೆ ಇನ್ನೂ ಸ್ವಲ್ಪ ದಿನ ಬೇಕು’ ಎಂದು ನಾನೂ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅಜ್ಜ-ಅಜ್ಜಿಯರನ್ನು ಕಳೆದುಕೊಂಡವರದೇ. ಹೆಚ್ಚಿನವರು ‘ಇದನ್ನು ಕೇಳಬಹುದೋ ಬಾರದೋ ಗೊತ್ತಿಲ್ಲ’ ಎಂದೇ ಶುರು ಮಾಡಿದ್ದಾರೆ. ಕೇಳಬಹುದು. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಅವಕ್ಕೇ ಜಾಗ ಕೊಟ್ಟಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು. ಉಳಿದವರಿಗೆ ಬೇಕಾದ ಮಾತುಗಳೂ ಅದರಲ್ಲೇ ಇರುವುದರಿಂದ ಮೊಟಕು ಮಾಡಲು ಮನಸ್ಸು ಬರಲಿಲ್ಲ.

ಪ್ರಶ್ನೆ: ಅಕ್ಕ, ನನಗೆ 27 ವರ್ಷ. ನನ್ನ ಅಜ್ಜಿ, ಅಂದರೆ ಅಮ್ಮನ ತಾಯಿ, ನಾಲ್ಕು ತಿಂಗಳ ಹಿಂದೆ ತೀರಿಕೊಂಡರು. ಅವರಿಗೆ 88 ಆಗಿತ್ತು. ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಮೂರನೇ ವರ್ಷದಿಂದ ಹದಿನೆಂಟರವರೆಗೆ ನನ್ನನ್ನು ಸಾಕಿದ್ದು ಅಜ್ಜಿಯೇ. ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದ ರಾತ್ರಿ ನಿದ್ದೆಗೆಟ್ಟಿದ್ದು ಎಲ್ಲ ಅವರೇ. ಓದಿಗೆ, ಆಮೇಲೆ ಕೆಲಸಕ್ಕೆ ಅಂತ ದೂರ ಬಂದ ಮೇಲೂ ವಾರಕ್ಕೆ ಎರಡು ಸಲ, ಬುಧವಾರ ಮತ್ತು ಭಾನುವಾರ, ತಪ್ಪದೆ ಫೋನ್ ಮಾಡುತ್ತಿದ್ದೆ. ಅವರಾಗಿ ಮಾಡುತ್ತಿದ್ದದ್ದು ಅಪರೂಪ. ಆ ಮಂಗಳವಾರ ಸಂಜೆ 7.40ಕ್ಕೆ ಅವರೇ ಮಾಡಿದರು. ನಾನು ಮೀಟಿಂಗಿನಲ್ಲಿದ್ದೆ. ನಾಳೆ ಹೇಗೂ ಬುಧವಾರ, ಮಾಡಿದರಾಯಿತು ಅಂದುಕೊಂಡು ಸುಮ್ಮನಾದೆ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟರು. ಆ ಮಿಸ್ಡ್ ಕಾಲ್ ಇನ್ನೂ ನನ್ನ ಫೋನಿನಲ್ಲಿದೆ. ಏನು ಹೇಳಬೇಕು ಅಂತಿದ್ದರೋ.

ಆಫೀಸಿನಲ್ಲಿ ಒಂದು ದಿನ ರಜೆ ಸಿಕ್ಕಿತು. ವಿಷಯ ತಿಳಿದವರೆಲ್ಲ ಮೊದಲು ಕೇಳಿದ್ದು ‘ಎಷ್ಟು ವಯಸ್ಸಾಗಿತ್ತು?’ ಅಂತ. 88 ಅಂದ ಕೂಡಲೇ ‘ಓ, ತುಂಬು ಜೀವನ. ನರಳದೆ ಹೋದರಲ್ಲ, ಪುಣ್ಯವಂತರು’ ಅಂತ ಮಾತು ಮುಗಿಸುತ್ತಾರೆ. ಅಮ್ಮ ವಾರದೊಳಗೇ ಅಜ್ಜಿಯ ಬೀರು ಖಾಲಿ ಮಾಡಿದರು, ಬ್ಯಾಂಕಿನ ಕೆಲಸ ಮುಗಿಸಿದರು. ನನ್ನೆದುರು ಒಂದು ಸಲವೂ ಅಳಲಿಲ್ಲ. ನಾನು ಮಾತ್ರ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ದುಃಖಕ್ಕೆ ಐದು ಹಂತ ಅಂತ ಇಂಟರ್‌ನೆಟ್‌ನಲ್ಲಿ ಓದಿದೆ. ನಾನು ಯಾವುದರಲ್ಲಿದ್ದೇನೆ ಅಂತಲೇ ತಿಳಿಯುತ್ತಿಲ್ಲ. ನನಗೇನಾದರೂ ಕಾಯಿಲೆಯೇ, ಅಕ್ಕ?

ಉತ್ತರ: ಕಾಯಿಲೆ ಅಲ್ಲ, ತಂಗಿ. ನಿನ್ನನ್ನು ಸಾಕಿದವರು ಹೋಗಿದ್ದಾರೆ. ಲೋಕದ ಲೆಕ್ಕದಲ್ಲಿ ಅವರು ಅಜ್ಜಿ. ನಿನ್ನ ಬೆಳಗು, ರಾತ್ರಿ, ಜ್ವರಗಳ ಲೆಕ್ಕದಲ್ಲಿ ಅವರು ತಾಯಿ. ತಾಯಿ ಹೋದರೆ ನಾಲ್ಕು ತಿಂಗಳಿಗೆ ಅಳು ನಿಲ್ಲಬೇಕೆಂದು ಯಾರೂ ಅನ್ನುವುದಿಲ್ಲ.

‘ಎಷ್ಟು ವಯಸ್ಸಾಗಿತ್ತು?’ ಎಂಬ ಆ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಸಾವಿನ ಮುಂದೆ ಏನು ಮಾತಾಡಬೇಕೆಂದು ತೋಚದೆ ಕೈಗೆ ಸಿಕ್ಕ ಮಾತು ಅದು. ಆದರೆ ನೀನು ಉತ್ತರ ಕೊಟ್ಟ ಕ್ಷಣವೇ ಅದು ನಿನ್ನ ದುಃಖದ ಅಳತೆಗೋಲಾಗಿಬಿಡುತ್ತದೆ. ನಲವತ್ತು ಅಂದಿದ್ದರೆ ಪಕ್ಕದಲ್ಲಿ ಕೂರುತ್ತಿದ್ದರು, ಎಂಬತ್ತೆಂಟು ಅಂದದ್ದಕ್ಕೆ ಎದ್ದು ಹೋದರು. ವಯಸ್ಸು ಹೇಳುವುದು ಅವರು ಎಷ್ಟು ಕಾಲ ಬದುಕಿದರು ಎಂಬುದನ್ನು. ನಿನ್ನ ಬದುಕಿನಲ್ಲಿ ಅವರು ಎಷ್ಟಿದ್ದರು ಎಂಬುದನ್ನಲ್ಲ. ನನ್ನ ಕೇಳಿದರೆ, 88 ಎಂಬ ಸಂಖ್ಯೆ ದುಃಖವನ್ನು ಹಗುರ ಮಾಡುವುದಿಲ್ಲ, ಭಾರ ಮಾಡುತ್ತದೆ. ಅವರಿಲ್ಲದ ಒಂದೇ ಒಂದು ದಿನವನ್ನೂ ನೀನು ಈವರೆಗೆ ಕಂಡಿರಲಿಲ್ಲ.

ಹೀಗೆ ಸುತ್ತಲಿನವರು ಜಾಗ ಕೊಡದ ದುಃಖಕ್ಕೆ ಅಧ್ಯಯನಕಾರರು ಬೇರೆಯೇ ಹೆಸರಿಟ್ಟಿದ್ದಾರೆ. ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಇದನ್ನು ವಿವರವಾಗಿ ಬರೆದರು. ಕನ್ನಡದಲ್ಲಿ ‘ಮಾನ್ಯತೆ ಸಿಗದ ದುಃಖ’ ಅನ್ನಬಹುದು. ನಷ್ಟವಾಗಿರುತ್ತದೆ, ಆದರೆ ಬಹಿರಂಗವಾಗಿ ಅಳಲು, ರಜೆ ಕೇಳಲು, ‘ನನಗಾಗುತ್ತಿಲ್ಲ’ ಅನ್ನಲು ಸಮಾಜದ ಒಪ್ಪಿಗೆ ಇರುವುದಿಲ್ಲ. ಆಗ ಮನುಷ್ಯ ಎರಡು ಹೊರೆ ಹೊರುತ್ತಾನೆ, ದುಃಖದ್ದೊಂದು, ದುಃಖಪಡುತ್ತಿದ್ದೇನಲ್ಲ ಎಂಬ ನಾಚಿಕೆಯದೊಂದು. ನಿನ್ನ ಬಚ್ಚಲಿನ ನಲ್ಲಿ ಆ ಎರಡನೆಯದರ ಸದ್ದು. ಅದನ್ನು ಇಳಿಸುವುದು ಸಾಧ್ಯವಿದೆ, ಇವತ್ತಿನಿಂದಲೇ.

ನನ್ನದೂ ಒಂದನ್ನು ಹೇಳುತ್ತೇನೆ. ನನ್ನ ಅಜ್ಜ ಹೋದಾಗ ನನಗೆ 31. ಆ ಹೊತ್ತಿಗಾಗಲೇ ನಾನು ಇದೇ ಕೆಲಸದಲ್ಲಿದ್ದೆ, ದುಃಖದಲ್ಲಿರುವವರ ಎದುರು ಕೂತು ಕೇಳಿಸಿಕೊಳ್ಳುವ ಕೆಲಸ. ಅಜ್ಜನಿಗೆ ಕಿವಿ ಮಂದ. ಕಿವಿಯ ಹಿಂದೆ ಹಾಕುವ ಹಳೆಯ ಮಷೀನು ಇತ್ತು. ಅಂಥ ಮಷೀನಿನ ಹತ್ತಿರಕ್ಕೆ ಕೈಯನ್ನೋ ತಲೆಯನ್ನೋ ಒಯ್ದರೆ ಒಳಗಿನಿಂದ ಹೊರಬಂದ ಸದ್ದು ಮತ್ತೆ ಅದೇ ಮೈಕಿಗೆ ಹೊಕ್ಕು ‘ಕುಂಯ್’ ಅಂತ ಸಣ್ಣಗೆ ಶಿಳ್ಳೆ ಹಾಕುತ್ತದೆ. ನಾನು ಹೋದಾಗಲೆಲ್ಲ ಅಜ್ಜ ತಬ್ಬಿಕೊಳ್ಳುತ್ತಿದ್ದರು, ನನ್ನ ಕೆನ್ನೆ ಅವರ ಕಿವಿಗೆ ತಾಗಿದ ಕೂಡಲೇ ಆ ಶಿಳ್ಳೆ. ಹೊರಡುವಾಗ ಮತ್ತೊಂದು ಶಿಳ್ಳೆ. ಎಷ್ಟೋ ವರ್ಷ ಅದು ನನಗೆ ಒಂದು ಕಿರಿಕಿರಿಯ ಸದ್ದಾಗಿತ್ತು, ‘ಅಜ್ಜ, ಅದರ ವಾಲ್ಯೂಮ್ ಕಡಿಮೆ ಮಾಡಿ’ ಅನ್ನುತ್ತಿದ್ದೆ. ಅವರು ಹೋಗಿ ಐದು ವಾರವಾಗಿತ್ತು. ಸಮಾಲೋಚನೆಗೆ ಒಬ್ಬ ಹಿರಿಯರು ಬಂದರು. ಕುರ್ಚಿಯಲ್ಲಿ ಕೂತು ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದರು. ಅವರ ಕಿವಿಯ ಮಷೀನು ಕುಂಯ್ ಅಂದಿತು. ನನಗೆ ಅಲ್ಲಿ ಕೂರಲಾಗಲಿಲ್ಲ. ಅವರ ಕ್ಷಮೆ ಕೇಳಿ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅಜ್ಜನಿಗೆ 91 ಆಗಿತ್ತು. ಆ ಹೊತ್ತಿನಲ್ಲಿ ಆ ಸಂಖ್ಯೆ ಯಾವ ಉಪಯೋಗಕ್ಕೂ ಬರಲಿಲ್ಲ.

ಈಗ ಆ ಮಿಸ್ಡ್ ಕಾಲ್. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ 7.40 ಎಂಬಲ್ಲಿ ನಿಂತೆ. ನೀನು ಆ ಕರೆಗೆ ಇಡೀ ಸಂಬಂಧದ ತೂಕ ಹೊರಿಸಿದ್ದೀಯ. ಬೆಳಗಿನ ಜಾವ ಏನಾಯಿತು ಎಂಬುದು ಈಗ ನಿನಗೆ ಗೊತ್ತು, ಆ ತಿಳಿವಳಿಕೆಯನ್ನು ಹೊತ್ತುಕೊಂಡು ಹಿಂದಿನ ಸಂಜೆಗೆ ಹೋಗಿ ನಿನ್ನನ್ನು ನೀನೇ ವಿಚಾರಣೆ ಮಾಡುತ್ತಿದ್ದೀಯ. ಆದರೆ ಆ ಸಂಜೆಯ ಹುಡುಗಿಗೆ ಗೊತ್ತಿದ್ದದ್ದು ಇಷ್ಟೇ: ಇವತ್ತು ಮಂಗಳವಾರ, ನಾಳೆ ನಮ್ಮ ದಿನ. ‘ನಾಳೆ ಮಾಡುತ್ತೇನೆ’ ಅಂದುಕೊಂಡದ್ದರಲ್ಲಿ ಅಸಡ್ಡೆ ಇಲ್ಲ, ನಂಬಿಕೆ ಇದೆ. ನಾಳೆಯೂ ಅಜ್ಜಿ ಇರುತ್ತಾರೆ ಎಂಬ ನಂಬಿಕೆ. ಆ ನಂಬಿಕೆ ನಿನ್ನಲ್ಲಿ ಬೆಳೆದದ್ದು ಅವರು ಪ್ರತಿ ಸಲವೂ ಇದ್ದದ್ದರಿಂದಲೇ.

ಒಂಬತ್ತು ವರ್ಷ, ವಾರಕ್ಕೆ ಎರಡು ಕರೆ. ಕೂಡಿಸಿ ನೋಡಿದೆ, ಒಂಬೈನೂರು ದಾಟುತ್ತದೆ. ಅಷ್ಟು ಸಲ ಆ ಕಡೆ ಫೋನು ಎತ್ತಿದ್ದಾರೆ, ನಿನ್ನ ದನಿ ಕೇಳಿದ್ದಾರೆ. ಎತ್ತದೆ ಹೋದದ್ದು ಒಂದು. ಅಪರಾಧಿ ಭಾವ ಆ ಒಂದನ್ನು ಮಾತ್ರ ಎತ್ತಿ ಹಿಡಿಯುತ್ತದೆ, ಒಂಬೈನೂರನ್ನು ಎಣಿಸುವುದೇ ಇಲ್ಲ. ಅದು ಹಾಗೇಕೆ ಮಾಡುತ್ತದೆ ಎಂದು ನನಗನಿಸಿದ್ದು ಹೇಳುತ್ತೇನೆ. ‘ನಾನು ಫೋನ್ ಎತ್ತಿದ್ದರೆ’ ಎಂಬುದು ನೋವಿನ ಮಾತು, ಆದರೆ ‘ನಾನು ಏನು ಮಾಡಿದ್ದರೂ ಅವರು ಹೋಗುತ್ತಿದ್ದರು’ ಎಂಬುದು ಅದಕ್ಕಿಂತ ಹೆದರಿಕೆಯ ಮಾತು. ಕೈಯಲ್ಲಿ ಏನೂ ಇರಲಿಲ್ಲ ಎಂದು ಒಪ್ಪುವುದಕ್ಕಿಂತ ತಪ್ಪು ನನ್ನದೇ ಅಂದುಕೊಳ್ಳುವುದು ಮನಸ್ಸಿಗೆ ಸುಲಭ.

ಏನು ಹೇಳಬೇಕೆಂದಿದ್ದರೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಿಗುತ್ತದೆ ಎಂದು ಸುಳ್ಳು ಸಮಾಧಾನ ನಾನು ಹೇಳಲಾರೆ. ಅದರ ಬದಲು ಒಂದು ಕೆಲಸ ಮಾಡು. ಅವರು ಅಪರೂಪಕ್ಕೆ ತಾವಾಗಿ ಫೋನ್ ಮಾಡುತ್ತಿದ್ದರಲ್ಲ, ಹಿಂದೆ ಹಾಗೆ ಮಾಡಿದಾಗ ಏನು ಹೇಳಿದ್ದರು? ನೆನಪಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆ, ಅವರ ಮಾತಿನ ಧಾಟಿಯಲ್ಲೇ. ರಿಮೋಟು ಕೆಲಸ ಮಾಡುತ್ತಿಲ್ಲ ಅಂದಿದ್ದರೇ, ನಿನ್ನ ಹಳೆಯ ಗೆಳತಿ ಸಿಕ್ಕಿದ್ದಳು ಅಂದಿದ್ದರೇ, ಸುಮ್ಮನೆ ಮಾತಾಡಬೇಕು ಅನಿಸಿತು ಅಂದಿದ್ದರೇ? ಎಂಟು ಹತ್ತು ನೆನಪಾದರೆ ಸಾಕು. ಆ ಸಂಜೆಯ ಕರೆಯೂ ಬಹುತೇಕ ಇದೇ ಸಾಲಿಗೆ ಸೇರಿದ್ದು.

ಇನ್ನೊಂದು, ಇದನ್ನು ಇವತ್ತೇ ಮಾಡು. ಆ ಮಿಸ್ಡ್ ಕಾಲ್ ಇರುವ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ಹೊಸ ಕರೆಗಳು ಬಂದಂತೆ ಹಳೆಯವು ಪಟ್ಟಿಯಿಂದ ತಾವಾಗಿಯೇ ಅಳಿದುಹೋಗುವುದು ಹಲವು ಫೋನುಗಳಲ್ಲಿ ಉಂಟು. ವಾಟ್ಸ್‌ಆ್ಯಪ್‌ನಲ್ಲಿ ಅವರ ದನಿಯ ಸಂದೇಶಗಳಿದ್ದರೆ ಕಂಪ್ಯೂಟರಿಗೂ ಇನ್ನೊಂದು ಕಡೆಗೂ ಹಾಕಿಡು. ಈಗ ಕೇಳಲಾಗದಿದ್ದರೆ ಕೇಳಬೇಡ. ಫೋನು ಕೆಟ್ಟ ದಿನ ದನಿಯೂ ಹೋಯಿತೆಂದು ಬಿಕ್ಕಿದವರನ್ನು ನಾನು ಕಂಡಿದ್ದೇನೆ, ನಿನಗೆ ಆ ಎರಡನೇ ಸಾವು ಬೇಡ.

ಐದು ಹಂತಗಳ ವಿಷಯ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಆ ಪಟ್ಟಿಯನ್ನು ಕೊಟ್ಟವರು ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್, 1969ರಲ್ಲಿ. ಅವರು ಮಾತಾಡಿಸಿದ್ದು ತಾವೇ ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು, ಹಿಂದೆ ಉಳಿದವರನ್ನಲ್ಲ. ನಂತರ ಅಗಲಿಕೆಯ ದುಃಖಕ್ಕೂ ಅದನ್ನು ಹೊಂದಿಸಿದರು ನಿಜ, ಆದರೆ ಎಲ್ಲರೂ ಎಲ್ಲವನ್ನೂ ಅದೇ ಕ್ರಮದಲ್ಲಿ ದಾಟುತ್ತಾರೆಂದು ಅವರೂ ಹೇಳಲಿಲ್ಲ. ಇದನ್ನು ಶಾಲೆಯ ತರಗತಿಗಳ ಹಾಗೆ ಓದಿಕೊಂಡು, ‘ನಾನು ಇನ್ನೂ ಎರಡನೆಯದರಲ್ಲೇ ಇದ್ದೇನೆ’ ಎಂದು ಕೊರಗುವವರು ಬಹಳ. ಆ ಪಟ್ಟಿಯನ್ನು ಬಿಟ್ಟುಬಿಡು.

ನನಗೆ ಹೆಚ್ಚು ನಿಜ ಅನಿಸುವುದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ ಎಂಬಿಬ್ಬರು 1999ರಲ್ಲಿ ಹೇಳಿದ ಮಾತು. ದುಃಖದಲ್ಲಿರುವವರು ಉಯ್ಯಾಲೆಯ ಹಾಗೆ ಎರಡು ಕಡೆ ತೂಗುತ್ತಿರುತ್ತಾರೆ. ಒಂದು ಕಡೆ ಹೋದವರ ನೆನಪು, ಅಳು, ಹಂಬಲ. ಇನ್ನೊಂದು ಕಡೆ ಬ್ಯಾಂಕಿನ ಕಾಗದ, ಆಫೀಸು, ನಾಳೆಯ ಕೆಲಸ. ಎರಡೂ ಬೇಕು, ಒಂದರಿಂದ ಇನ್ನೊಂದಕ್ಕೆ ಹೋಗಿಬರುವುದೇ ಚೇತರಿಕೆಯ ದಾರಿ. ನಿನ್ನ ಅಮ್ಮನನ್ನು ಈ ಬೆಳಕಿನಲ್ಲಿ ಒಂದು ಸಲ ನೋಡು. ಹೋದದ್ದು ಅವರ ತಾಯಿ. ಬೀರು ಖಾಲಿ ಮಾಡಿದ ಕೈಗಳು ಒಂದೊಂದು ಸೀರೆಯನ್ನೂ ಮುಟ್ಟಿಯೇ ಮಡಚಿರಬೇಕಲ್ಲ? ಅವರದ್ದು ಕೆಲಸದಲ್ಲಿ ದುಃಖಿಸುವ ರೀತಿ ಇರಬಹುದು. ಅಥವಾ ಅವರಿಗೂ ಒಂದು ಬಚ್ಚಲು, ಒಂದು ನಲ್ಲಿ ಇರಬಹುದು. ‘ಅಮ್ಮ, ನೀನ್ಯಾಕೆ ಅಳಲ್ಲ?’ ಎಂದು ಕೇಳಬೇಡ, ಅದು ಆರೋಪವಾಗಿ ಕೇಳಿಸುತ್ತದೆ. ‘ನಿನಗೆ ಹತ್ತು ವರ್ಷ ಇದ್ದಾಗ ಅಜ್ಜಿ ಹೇಗಿದ್ರು? ಬೈತಿದ್ರಾ?’ ಎಂದು ಕೇಳು. ನೀನು ಕಂಡಿದ್ದು ಅರವತ್ತು ದಾಟಿದ ಅಜ್ಜಿಯನ್ನು. ಮೂವತ್ತರ ಆ ಹೆಂಗಸು ನಿನ್ನ ಅಮ್ಮನ ಹತ್ತಿರ ಮಾತ್ರ ಇದ್ದಾಳೆ.

ಯಾವಾಗ ವೈದ್ಯರ ಸಹಾಯ ಬೇಕು ಎಂಬುದನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ದುಃಖ ದೀರ್ಘಕಾಲ ಬಿಗಿಹಿಡಿದು ಬದುಕನ್ನೇ ನಿಲ್ಲಿಸಿಬಿಡುವ ಸ್ಥಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಕನಿಷ್ಠ ಆರು ತಿಂಗಳು ಕಳೆದಿರಬೇಕು. ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿಯಲ್ಲಿ ದೊಡ್ಡವರಿಗೆ ಹನ್ನೆರಡು ತಿಂಗಳು. ಬರೀ ತಿಂಗಳ ಎಣಿಕೆ ಅಲ್ಲ. ದಿನವಿಡೀ ಅದೇ ಹಂಬಲ, ಸಾವನ್ನು ನಂಬಲಾಗದಿರುವುದು, ನನ್ನದೇ ಒಂದು ಭಾಗ ಸತ್ತಿತು ಎಂಬ ಭಾವ, ಕೆಲಸಕ್ಕೂ ಜನರ ನಡುವೆಗೂ ಹೋಗಲಾಗದಿರುವುದು, ಇವೆಲ್ಲ ಸೇರಿ ಸಡಿಲವಾಗದೆ ಉಳಿದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ನೀನು ಕೆಲಸಕ್ಕೆ ಹೋಗುತ್ತಿದ್ದೀಯ, ಹೀಗೆ ಪತ್ರ ಬರೆದಿದ್ದೀಯ, ಆಗಿರುವುದು ನಾಲ್ಕು ತಿಂಗಳು. ಆದರೆ ‘ನಾನೂ ಅವರ ಹಿಂದೆಯೇ ಹೋಗಬೇಕು’ ಎಂಬ ಯೋಚನೆ ಒಂದೇ ಒಂದು ದಿನ ಬಂದರೂ ತಿಂಗಳು ಎಣಿಸುತ್ತ ಕೂರಬೇಡ. ಅದೇ ದಿನ ಹತ್ತಿರದವರಿಗೆ ಹೇಳು, ವೈದ್ಯರಲ್ಲಿಗೆ ಹೋಗು.

ಬುಧವಾರ ಮತ್ತು ಭಾನುವಾರ ಆ ಹೊತ್ತಿಗೆ ಏನು ಮಾಡುತ್ತೀಯ ಎಂದು ನೀನು ಬರೆದಿಲ್ಲ. ಆ ಹೊತ್ತು ಬರಿದಾಗಿದ್ದರೆ, ಸದ್ಯಕ್ಕೆ ಅಮ್ಮನಿಗೆ ಫೋನ್ ಮಾಡು.

ಪ್ರಶ್ನೆ: ನಮ್ಮ ಮಗನಿಗೆ ಐದೂವರೆ ವರ್ಷ. ನನ್ನ ಅಪ್ಪ ಎರಡು ತಿಂಗಳ ಹಿಂದೆ ತೀರಿಕೊಂಡರು. ಮಗು ಅವರ ಜೊತೆಯಲ್ಲೇ ಮಲಗುತ್ತಿತ್ತು. ‘ತಾತ ಮಲಗಿಬಿಟ್ಟರು, ಇನ್ನು ಏಳಲ್ಲ’ ಎಂದು ಹೇಳಿದೆವು. ಈಗ ರಾತ್ರಿ ನಿದ್ದೆಯೇ ಮಾಡುವುದಿಲ್ಲ. ನಾನು ಕಣ್ಣು ಮುಚ್ಚಿದರೆ ರೆಪ್ಪೆ ಎತ್ತಿ ‘ಅಪ್ಪ, ಎದ್ದಿದೀಯಾ?’ ಅನ್ನುತ್ತಾನೆ. ಹಗಲು ನೋಡಿದರೆ ಆರಾಮಾಗಿ ಆಡಿಕೊಂಡಿರುತ್ತಾನೆ. ಏನು ಮಾಡಲಿ, ಮೇಡಂ?

ಉತ್ತರ: ನಿಮ್ಮ ರೆಪ್ಪೆ ಎತ್ತಿ ನೋಡುವ ಆ ಪುಟ್ಟ ಬೆರಳನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ. ಮಗು ನಿಮ್ಮ ಮಾತನ್ನು ಅಕ್ಷರಶಃ ನಂಬಿದೆ. ಮಲಗಿದವರು ಏಳದೇ ಇರಬಹುದು ಎಂದು ನೀವೇ ಹೇಳಿದ್ದೀರಿ, ಹಾಗಿರುವಾಗ ಅದು ಹೇಗೆ ಮಲಗೀತು? ನಿಮ್ಮನ್ನು ಹೇಗೆ ಮಲಗಲು ಬಿಟ್ಟೀತು? ನೀವು ಮಗುವಿನ ಮನಸ್ಸು ನೋಯಬಾರದೆಂದೇ ಹಾಗೆ ಹೇಳಿದಿರಿ, ನನಗೆ ಗೊತ್ತು. ಈಗ ಆ ಮಾತನ್ನು ತಿದ್ದಬೇಕು.

ಹಗಲು ಹೊತ್ತು, ಅವನು ಆಡುತ್ತಿರುವಾಗ ಪಕ್ಕದಲ್ಲಿ ಕೂತು ಹೇಳಿ: ‘ಅವತ್ತು ನಾನು ಸರಿಯಾಗಿ ಹೇಳಲಿಲ್ಲ ಕಂದ. ತಾತ ಮಲಗಿದ್ದಲ್ಲ. ತಾತ ಸತ್ತುಹೋದರು. ಸತ್ತರೆ ಉಸಿರಾಟ ನಿಲ್ಲುತ್ತೆ, ಎದೆ ಬಡಿಯೋದು ನಿಲ್ಲುತ್ತೆ, ನೋವೂ ಆಗಲ್ಲ, ಚಳಿನೂ ಆಗಲ್ಲ. ಸತ್ತವರು ವಾಪಸ್ ಬರಲ್ಲ. ಮಲಗೋದು ಬೇರೆ. ಮಲಗಿದಾಗ ಎದೆ ಬಡೀತಾನೇ ಇರುತ್ತೆ.’ ಹೇಳಿ, ಅವನ ಕೈಯನ್ನು ನಿಮ್ಮ ಎದೆಯ ಮೇಲಿಟ್ಟುಕೊಳ್ಳಿ. ರಾತ್ರಿಯೂ ಹಾಗೆಯೇ ಕೈಯಿಟ್ಟುಕೊಂಡು ಮಲಗಲಿ. ರೆಪ್ಪೆ ಎತ್ತುವ ಬದಲು ಅವನಿಗೆ ಪರೀಕ್ಷೆ ಮಾಡಲು ಇನ್ನೊಂದು ದಾರಿ ಸಿಕ್ಕಿತು.

‘ಸತ್ತರು’ ಎಂಬ ಶಬ್ದ ಮಗುವಿನ ಮುಂದೆ ಆಡಲು ನಮ್ಮ ನಾಲಿಗೆ ಹಿಂಜರಿಯುತ್ತದೆ. ಆದರೆ ‘ದೂರ ಹೋದರು’, ‘ನಕ್ಷತ್ರ ಆದರು’ ಎಂಬ ಮಾತುಗಳು ಈ ವಯಸ್ಸಿಗೆ ಗೊಂದಲ ಮಾಡುತ್ತವೆ. ದೂರ ಹೋದವರು ಯಾವಾಗ ಬರುತ್ತಾರೆಂದು ಕಾಯುತ್ತವೆ ಮಕ್ಕಳು, ನನ್ನ ಮೇಲೆ ಕೋಪವೇ ಎಂದು ಒಳಗೊಳಗೇ ಕೇಳಿಕೊಳ್ಳುತ್ತವೆ. ಸಾವು ಬಂದರೆ ಮರಳುವಂತಿಲ್ಲ, ದೇಹ ಪೂರ್ತಿ ನಿಂತುಹೋಗುತ್ತದೆ, ಎಲ್ಲರಿಗೂ ಬರುತ್ತದೆ ಎಂಬ ಸಂಗತಿಗಳು ಹೆಚ್ಚಿನ ಮಕ್ಕಳಿಗೆ ಐದರಿಂದ ಏಳರ ನಡುವೆ ಮೆಲ್ಲಮೆಲ್ಲಗೆ ಅರ್ಥವಾಗುತ್ತವೆ. ಆದ್ದರಿಂದ ಇದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾನೆ. ಹತ್ತು ಸಲವೂ ಅದೇ ಉತ್ತರ ಕೊಡಿ, ಬೇಸರಿಸದೆ. ‘ನೀನೂ ಸಾಯ್ತೀಯಾ?’ ಅಂದರೆ, ‘ಹೌದು, ಎಲ್ಲರೂ ಒಂದು ದಿನ ಸಾಯ್ತಾರೆ. ಆದರೆ ನಾನು ತುಂಬಾ ವರ್ಷ ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದೀನಿ’ ಅನ್ನಿ.

ಹಗಲು ಆಡುತ್ತಾನೆಂದು ಅವನಿಗೆ ದುಃಖವಿಲ್ಲ ಅಂದುಕೊಳ್ಳಬೇಡಿ. ಮಕ್ಕಳು ಮಳೆಯ ನೀರು ನಿಂತ ಗುಂಡಿಗೆ ಹಾರಿ ಈಚೆ ಬರುವ ಹಾಗೆ ದುಃಖದೊಳಗೆ ಹೋಗಿ ಬರುತ್ತವೆ. ಮತ್ತು ಅಪ್ಪನನ್ನು ಕಳೆದುಕೊಂಡವರು ನೀವೂ ಹೌದು. ಅವನೆದುರು ನಿಮಗೆ ಕಣ್ಣೀರು ಬಂದರೆ ಬರಲಿ, ‘ತಾತನ ನೆನಪಾಯ್ತು, ಅದಕ್ಕೆ’ ಎಂದಷ್ಟು ಹೇಳಿ.

ಪ್ರಶ್ನೆ: ನನ್ನ ಅಜ್ಜಿಗೆ ಆರು ವರ್ಷ ಮರೆವಿನ ಕಾಯಿಲೆ ಇತ್ತು. ಕೊನೆಯ ಎರಡು ವರ್ಷ ನಾನು ಯಾರೆಂದೇ ಗೊತ್ತಿರಲಿಲ್ಲ. ಅವರನ್ನು ಮೀಯಿಸಿ, ಬಟ್ಟೆ ಬದಲಿಸಿ, ರಾತ್ರಿಯೆಲ್ಲ ಎದ್ದು ನೋಡಿಕೊಂಡಿದ್ದು ನಾನೇ. ಅವರು ಹೋದ ಗಳಿಗೆಯಲ್ಲಿ ನನಗೆ ಮೊದಲು ಅನಿಸಿದ್ದು ‘ಅಬ್ಬ, ಮುಗಿಯಿತು’ ಅಂತ. ಆಮೇಲೂ ಹೆಚ್ಚು ಅಳು ಬರಲಿಲ್ಲ. ನಾನು ಅವರನ್ನು ಪ್ರೀತಿಸಲೇ ಇಲ್ಲವೇ?

ಉತ್ತರ: ಪ್ರೀತಿಸದವರು ಆರು ವರ್ಷ ರಾತ್ರಿ ಏಳುವುದಿಲ್ಲ.

ನಿಮಗೆ ಆದ ನಿರಾಳ ಅವರ ಸಾವಿಗಲ್ಲ, ಆ ನರಳಾಟಕ್ಕೆ ಕೊನೆ ಬಂದದ್ದಕ್ಕೆ, ಅವರದಕ್ಕೂ ನಿಮ್ಮದಕ್ಕೂ. ದೀರ್ಘ ಕಾಯಿಲೆಯವರನ್ನು ನೋಡಿಕೊಂಡವರಲ್ಲಿ ಇದು ತೀರಾ ಸಾಮಾನ್ಯ, ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ. ಇನ್ನೊಂದು ಮಾತು, ನೀವು ಅಳಲಿಲ್ಲ ಎಂದು ನನಗೆ ಅನಿಸುವುದಿಲ್ಲ. ನಿಮ್ಮ ಹೆಸರು ಹಿಡಿದು ಕರೆಯುವುದನ್ನು ಅವರು ಮರೆತ ದಿನ ಅತ್ತಿರಿ. ‘ನೀನು ಯಾರಮ್ಮ?’ ಎಂದು ಕೇಳಿದ ದಿನ ಅತ್ತಿರಬೇಕು. ಕುಟುಂಬಗಳ ಚಿಕಿತ್ಸಕಿ ಪಾಲಿನ್ ಬಾಸ್ ಇದನ್ನು ಸ್ಪಷ್ಟರೂಪವಿಲ್ಲದ ನಷ್ಟ ಎಂಬರ್ಥದ ಹೆಸರಿಟ್ಟು ವಿವರಿಸಿದ್ದಾರೆ: ಮನುಷ್ಯರು ಕಣ್ಣೆದುರೇ ಇರುತ್ತಾರೆ, ಆದರೆ ನಮಗೆ ಗೊತ್ತಿದ್ದವರು ಅಲ್ಲಿರುವುದಿಲ್ಲ. ನೀವು ಆರು ವರ್ಷ ಕಂತು ಕಂತಾಗಿ ದುಃಖಪಟ್ಟಿದ್ದೀರಿ.

ಆದರೆ ಕಾಯಿಲೆಗೂ ಮುಂಚಿನ ಅಜ್ಜಿ ಯಾವತ್ತಾದರೂ ಒಂದು ದಿನ ನೆನಪಿಗೆ ಬರುತ್ತಾರೆ, ಗಟ್ಟಿಯಾಗಿ ನಕ್ಕಿದ್ದೋ ಬೈದದ್ದೋ. ಆಗ ಅಳು ನುಗ್ಗಿ ಬಂದರೆ ಹೆದರಬೇಡಿ. ಹಳೆಯ ಫೋಟೋಗಳನ್ನು, ಹತ್ತು-ಹದಿನೈದು ವರ್ಷ ಹಿಂದಿನವನ್ನು, ಹೊರಗಿಡಿ. ಈಗ ನಿಮ್ಮ ಕಣ್ಣಿಗೆ ಕಟ್ಟಿರುವುದು ಹಾಸಿಗೆಯ ಅಜ್ಜಿ ಒಬ್ಬರೇ. ಮತ್ತೆ ನೀವು ನಿದ್ದೆ ಮಾಡಿ. ಆರು ವರ್ಷದ ನಿದ್ದೆ ಬಾಕಿ ಇದೆ, ರಾತ್ರಿ ಎರಡಕ್ಕೆ ತಾನಾಗಿ ಎಚ್ಚರವಾಗುವ ಅಭ್ಯಾಸ ಬಿಡಲು ಇನ್ನೂ ಕೆಲವು ತಿಂಗಳು ಬೇಕಾದೀತು.

ಪ್ರಶ್ನೆ: ಅಜ್ಜ ವಾಕರ್ ಹಿಡಿದು ನಡೆಯುತ್ತಿದ್ದರು. ಅವರು ಹೋಗಿ ಮೂರು ವಾರ. ಓದುತ್ತ ಕೂತಾಗ ಹೊರಗೆ ಅದೇ ಟಕ್ ಟಕ್ ಕೇಳಿಸುತ್ತದೆ, ಎದ್ದು ನೋಡಿದರೆ ಯಾರೂ ಇಲ್ಲ. ನನಗೆ 19. ತಲೆ ಕೆಡುತ್ತಿದೆಯಾ? ಮನೆಯಲ್ಲಿ ಹೇಳಲು ಭಯ.

ಉತ್ತರ: ಇಲ್ಲ ತಮ್ಮ. ವರ್ಷಗಟ್ಟಲೆ ಆ ಸದ್ದಿಗೆ ಕಿವಿಗೊಟ್ಟು, ಅಜ್ಜ ಎಡವಲಿಲ್ಲ ತಾನೇ ಎಂದು ಗಮನವಿಟ್ಟಿದ್ದ ಮೆದುಳು ಇನ್ನೂ ಕಾಯುವುದನ್ನು ನಿಲ್ಲಿಸಿಲ್ಲ. ಡೆವಿ ರೀಸ್ ಎಂಬ ವೈದ್ಯರು ಬ್ರಿಟನ್ನಿನ ವೇಲ್ಸ್‌ನಲ್ಲಿ ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತಾಡಿಸಿ 1971ರಲ್ಲಿ ಅದನ್ನು ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಹೋದವರು ಹತ್ತಿರವೇ ಇದ್ದಂತೆ ಅನಿಸಿತ್ತು, ಕೆಲವರಿಗೆ ದನಿ ಕೇಳಿಸಿತ್ತು, ಕೆಲವರಿಗೆ ಕಾಣಿಸಿದ್ದರು. ಅವರಲ್ಲೂ ಹೆಚ್ಚಿನವರು ನಿನ್ನ ಹಾಗೆಯೇ ಯಾರಿಗೂ ಹೇಳಿರಲಿಲ್ಲ. ಕಾಲ ಕಳೆದಂತೆ ಇದು ಕಡಿಮೆಯಾಗುತ್ತದೆ. ನಿನಗೆ ಆಜ್ಞೆ ಮಾಡುವ, ಹೆದರಿಸುವ ದನಿಗಳು ಕೇಳಿಸಿದರೆ, ಅಥವಾ ನಿದ್ದೆ ಪೂರ್ತಿ ಹೋದರೆ ವೈದ್ಯರಿಗೆ ತೋರಿಸು. ಬರೀ ಟಕ್ ಟಕ್ ಆದರೆ, ಇವತ್ತು ರಾತ್ರಿ ಮನೆಯಲ್ಲಿ ಒಬ್ಬರಿಗೆ ಹೇಳಿ ನೋಡು. ‘ನನಗೂ ಕೇಳಿಸಿತು’ ಎಂಬ ಉತ್ತರ ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಪ್ರಶ್ನೆ: ಅಜ್ಜಿಯ ಸಾಮಾನುಗಳನ್ನು ಏನು ಮಾಡುವುದು? ಎಲ್ಲವನ್ನೂ ಕೊಟ್ಟುಬಿಡಿ ಎಂದು ಕೆಲವರು, ಒಂದನ್ನೂ ಮುಟ್ಟಬೇಡಿ ಎಂದು ಕೆಲವರು.

ಉತ್ತರ: ಆತುರ ಬೇಡ. ಕೊಟ್ಟದ್ದನ್ನು ವಾಪಸು ತರಲಾಗುವುದಿಲ್ಲ, ಇಟ್ಟದ್ದನ್ನು ಯಾವಾಗ ಬೇಕಾದರೂ ಕೊಡಬಹುದು. ಕೊಡುವ ಮುಂಚೆ ಮನೆಯ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ತಮಗೆ ಬೇಕಾದ ಒಂದನ್ನು ಆರಿಸಿಕೊಳ್ಳಲು ಬಿಡಿ. ಬೆಲೆಬಾಳುವುದನ್ನೇ ಆರಿಸುತ್ತಾರೆ ಎಂದುಕೊಳ್ಳಬೇಡಿ. ಕೈಬರಹ ಇರುವ ಚೀಟಿ, ಡೈರಿ, ಫೋನ್ ನಂಬರ್ ಬರೆದಿಟ್ಟ ಪುಸ್ತಕ ಇವನ್ನು ಮಾತ್ರ ಯಾರೂ ಕಸಕ್ಕೆ ಹಾಕದಂತೆ ನೋಡಿಕೊಳ್ಳಿ.

ನನ್ನ ಅಜ್ಜನ ಕಿವಿಯ ಮಷೀನನ್ನು ಕೊಟ್ಟುಬಿಟ್ಟೆವು. ಅದನ್ನು ಇನ್ನೊಬ್ಬರ ಕಿವಿಗೆ ಹೊಂದಿಸಿ ಕೊಡುವವರಿದ್ದಾರೆ, ಈಗ ಯಾರೋ ಅದರಲ್ಲಿ ಮೊಮ್ಮಕ್ಕಳ ಮಾತು ಕೇಳುತ್ತಿರಬಹುದು. ನಾನು ಇಟ್ಟುಕೊಂಡದ್ದು ಅದರ ಬ್ಯಾಟರಿಯ ಪಟ್ಟಿ. ಆರು ಬ್ಯಾಟರಿಯ ಪಟ್ಟಿ, ಎರಡು ಬಳಸಿದ್ದರು, ನಾಲ್ಕು ಉಳಿದಿವೆ. ಒಂದೊಂದರ ಬೆನ್ನಿಗೂ ಕಿತ್ತಳೆ ಬಣ್ಣದ ಪುಟ್ಟ ಚೀಟಿ ಅಂಟಿಸಿರುತ್ತದೆ. ಅದನ್ನು ಕಿತ್ತರೆ ಸಣ್ಣ ರಂಧ್ರದಿಂದ ಗಾಳಿ ಒಳಹೊಕ್ಕು ಬ್ಯಾಟರಿ ಜೀವ ಪಡೆಯುತ್ತದೆ, ಆಮೇಲೆ ನಿಲ್ಲಿಸಲು ಬರುವುದಿಲ್ಲ. ಅಜ್ಜನ ಬೆರಳು ನಡುಗುತ್ತಿದ್ದರಿಂದ ಆ ಚೀಟಿ ಕೀಳುವ ಕೆಲಸ ಯಾವಾಗಲೂ ನನ್ನದಾಗಿತ್ತು. ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಾಲ್ಕೂ ಚೀಟಿಗಳು ಹಾಗೆಯೇ ಇವೆ.